ಅರಸರನ್ನು ಬಿಡಿ, ಆಚೀಚೆ ನೋಡಿ

ನೂರು ವರ್ಷ ದಾಟಿದ ಮೂಕಿ ರೀಲಿನಲ್ಲಿ ರಾಜವೈಭವ ನೋಡಲು ಕೂತವರು ಐದೇ ನಿಮಿಷಕ್ಕೆ ಆಕಳಿಸುತ್ತಾರೆ. ಕುದುರೆ ಹೋಯಿತು, ಸಾರೋಟು ಹೋಯಿತು, ಮತ್ತೆ ಕುದುರೆ ಬಂತು. ಎಲ್ಲಿ ನೋಡಬೇಕೆಂದು ಗೊತ್ತಾಗುವವರೆಗೆ ಎಲ್ಲರ ಪಾಡೂ ಇದೇ.

ಮೊದಲು ವೇಗ ಸರಿಮಾಡಿಕೊಳ್ಳಿ. ಆಗಿನ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸಬೇಕಿತ್ತು. ಸೆಕೆಂಡಿಗೆ ಸುಮಾರು 16 ಚಿತ್ರ. ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಚಕ್ರವರ್ತಿಯೂ ಬಸ್ಸು ಹಿಡಿಯಲು ಹೊರಟವನಂತೆ ಕಾಣುತ್ತಾನೆ. ಯೂಟ್ಯೂಬಿನಲ್ಲಿ ಹಾಗೆ ಕಂಡರೆ ವೇಗವನ್ನು 0.75ಕ್ಕೆ ಇಳಿಸಿ. ಆಮೇಲೆ ಯಾರೋ ಅಂಟಿಸಿದ ಬ್ಯಾಂಡಿನ ಸದ್ದನ್ನೂ ನಿಲ್ಲಿಸಿ.

ಕ್ಯಾಮೆರಾ ಮುಕ್ಕಾಲಿಯ ಮೇಲೆ ನೆಟ್ಟಗೆ ನಿಂತಿರುತ್ತದೆ, ಯಾರ ಹತ್ತಿರವೂ ಹೋಗುವುದಿಲ್ಲ. ಆದ್ದರಿಂದಲೇ ಚೌಕಟ್ಟಿನ ಅಂಚಿನಲ್ಲಿ ನಡೆಯುವುದೂ ದಾಖಲಾಗಿಬಿಡುತ್ತದೆ. ಜಂಬೂ ಸವಾರಿಯಲ್ಲಿ ಅಂಬಾರಿಗಿಂತ ಮಾವುತನನ್ನೇ ನೋಡುವ ಚಾಳಿ ನಿಮಗಿದ್ದರೆ ಅರ್ಧ ಪಾಠ ಮುಗಿದಂತೆ.

ಅಭ್ಯಾಸಕ್ಕೆ 1911ರ ಡಿಸೆಂಬರ್ 12ರ ದೆಹಲಿ ದರ್ಬಾರು ಒಳ್ಳೆಯದು. ಚಿತ್ರ ನಿರ್ಮಾಪಕ ಚಾರ್ಲ್ಸ್ ಅರ್ಬನ್ ಅದನ್ನು ಕಿನೆಮಾಕಲರ್‌ನಲ್ಲಿ ಬಣ್ಣದಲ್ಲೇ ತೆಗೆಸಿದ್ದ, ಬಹುಭಾಗ ಕಳೆದುಹೋಗಿದೆ. ಉಳಿದಿರುವ ಕಪ್ಪುಬಿಳುಪಿನ ತುಣುಕು ಸಾಕು.

ಮಂಟಪದಲ್ಲಿ ಬ್ರಿಟಿಷ್ ಚಕ್ರವರ್ತಿ ಐದನೇ ಜಾರ್ಜ್, ಪಕ್ಕದಲ್ಲಿ ರಾಣಿ ಮೇರಿ. ದೇಶೀ ಅರಸರು ಒಬ್ಬೊಬ್ಬರಾಗಿ ಬಂದು ತಲೆಬಾಗಿ, ಬೆನ್ನು ತೋರಿಸದೆ ಹಿಂದೆ ಸರಿಯಬೇಕು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೂ ಅಂದು ಅಲ್ಲಿದ್ದರು. ಬರೋಡದ ಸಯಾಜಿರಾವ್ ಗಾಯಕವಾಡರ ಸರದಿ ಬಂದಾಗ ರೀಲು ನಿಧಾನಿಸಿ. ಉಳಿದವರು ಒಡವೆಗಳಲ್ಲಿ ಮುಳುಗಿದ್ದಾರೆ. ಇವರದು ಸಾದಾ ಬಿಳಿ ಉಡುಪು, ಕೈಯಲ್ಲಿ ಬೆತ್ತ. ಒಮ್ಮೆ ಚುಟುಕಾಗಿ ಬಾಗುತ್ತಾರೆ, ತಿರುಗುತ್ತಾರೆ, ನಡೆದುಬಿಡುತ್ತಾರೆ. ಕೆಲವೇ ಸೆಕೆಂಡುಗಳು. ಲಂಡನ್ನಿನ ಪತ್ರಿಕೆಗಳಲ್ಲಿ ಗುಲ್ಲೆದ್ದಿತು, ಅಲ್ಲಿನ ಚಿತ್ರಮಂದಿರಗಳಲ್ಲಿ ಜನ ಇದೇ ತುಣುಕನ್ನು ನೋಡಿದರು. ಗಾಯಕವಾಡರು ವೈಸ್‌ರಾಯ್ ಹಾರ್ಡಿಂಜ್‌ಗೆ ಪತ್ರ ಬರೆದು, ಗಲಿಬಿಲಿಯಲ್ಲಿ ಹಾಗಾಯಿತೆಂದು ಕ್ಷಮೆ ಕೋರಿದರು.

ಈ ತುಣುಕನ್ನು ಮೂರು ಸಲ ನೋಡಿ. ಮೊದಲ ಸಲ ಅವರ ಬೆನ್ನು, ಎರಡನೆಯ ಸಲ ಬೆತ್ತ, ಮೂರನೆಯ ಸಲ ಸುತ್ತ ನಿಂತವರು. ನನಗಂತೂ ಆ ನಡಿಗೆಯಲ್ಲಿ ಗಲಿಬಿಲಿ ಕಂಡಿಲ್ಲ.