ಬ್ಲೆಂಡರ್‌ನಲ್ಲಿ ಮಂಜು ಇಳಿಸುವ ಕಲೆ

ಮೂಡಿಗೆರೆಗೂ ಸ್ವಯಂಕಲಿಕೆಗೂ ಹಳೆಯ ನಂಟು. ಅಲ್ಲಿ ಕಾಫಿ ತೋಟ ಮಾಡಿಕೊಂಡೇ ಲೇಖಕ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೊ ತೆಗೆದರು, ಚಿತ್ರ ಬರೆದರು, ಕೊನೆಗೆ ಕನ್ನಡ ತಂತ್ರಾಂಶದ ಬೆನ್ನು ಹತ್ತಿದರು. 2007ರಲ್ಲಿ ಅವರು ತೀರಿಕೊಂಡಾಗ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ ಮುಕ್ತವಾಗಿ ಐದು ವರ್ಷವೂ ತುಂಬಿರಲಿಲ್ಲ. ಅದರ ರುಚಿ ಹತ್ತಿದ್ದರೆ ತೋಟದ ಕೆಲಸ ನಿಂತೇಹೋಗುತ್ತಿತ್ತೇನೋ!

2002ರಲ್ಲಿ ಬಳಕೆದಾರರೇ ಏಳು ವಾರದಲ್ಲಿ ಒಂದು ಲಕ್ಷ ಯೂರೊ ಕೂಡಿಸಿ ಬಿಡಿಸಿಕೊಂಡ ತಂತ್ರಾಂಶ ಇದು. ಇಂದಿಗೂ ಪುಕ್ಕಟೆ.

ಕಲಿಯುವ ಕೈಯನ್ನು ಸತಾಯಿಸಲು ಮಲೆನಾಡೇ ಸಾಕು. ಕಾಫಿ ಎಲೆಯನ್ನೇ ನೋಡಿ: ಅಂಚು ಅಲೆಅಲೆ, ಮೇಲ್ಭಾಗ ಮಿರಮಿರ, ಅಡಿಭಾಗ ಮಂಕು. ಒಂದೇ ಹಸಿರು ಬಳಿದರೆ ಪ್ಲಾಸ್ಟಿಕ್ ಗಿಡ. ರಫ್‌ನೆಸ್ (ಒರಟುತನ) ಇಳಿಸಿದರೆ ಹೊಳಪು ಬರುತ್ತದೆ. ಬಿಸಿಲು ಎಲೆಯನ್ನು ಹಾಯ್ದು ಬರಬೇಕಾದರೆ ಟ್ರಾನ್ಸ್‌ಲೂಸೆಂಟ್ ಶೇಡರ್ ಬೆರೆಸಬೇಕು. ಕಳಸದ ಬೆಳಗಿನ ಮಂಜಿಗಾದರೆ ಇಡೀ ದೃಶ್ಯವನ್ನು ದೊಡ್ಡದೊಂದು ಡಬ್ಬದೊಳಗಿಟ್ಟು ವಾಲ್ಯೂಮ್ ತುಂಬಬೇಕು. ಡೆನ್ಸಿಟಿ ತುಸು ಹೆಚ್ಚಾಯಿತೋ, ಸಿಲ್ವರ್ ಓಕ್ ಮರಗಳೇ ಮಾಯ! ಚಿತ್ರ ಮೂಡಿಸಲು ಬ್ಲೆಂಡರ್‌ನಲ್ಲಿರುವ ಸೈಕಲ್ಸ್ ಎಂಜಿನ್ ಬೆಳಕಿನ ಕಿರಣಗಳ ಜಾಡನ್ನೇ ಲೆಕ್ಕ ಹಾಕುತ್ತದೆ. ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಇನ್ನೊಂದು ಎಂಜಿನ್ ಈವೀ ಬಲು ಚುರುಕು, ಲೆಕ್ಕದಲ್ಲಿ ಮಾತ್ರ ಕೊಂಚ ಕಳ್ಳ.

ಆ ಚುರುಕೇ ಸಾಕೆಂದು ತೋರಿಸಿದವರು ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್. ತಾವೇ ಕಲಿತವರು, ಮೊದಲ ಪೂರ್ಣಪ್ರಮಾಣದ ಚಿತ್ರ 'ಅವೇ'ಯನ್ನು ಒಬ್ಬರೇ ಮಾಡಿದ್ದರು. ಬಳಿಕ ಕೈಪಳಗಿದ ತಂತ್ರಾಂಶ ಬಿಟ್ಟು ಬ್ಲೆಂಡರ್ ಕಲಿತು, ಸಣ್ಣ ತಂಡ ಕಟ್ಟಿಕೊಂಡು, ಈವೀಯಲ್ಲೇ 'ಫ್ಲೋ' ರೂಪಿಸಿದರು. 2025ರಲ್ಲಿ ಅದಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಲಾಟ್ವಿಯಾಕ್ಕೆ ಅದೇ ಮೊದಲನೆಯದು.