ಅಜ್ಜಿಯ ನಿಂಬೆಹಣ್ಣು

ಭಾನುವಾರ ಪಕ್ಕದೂರಿನವರೊಡನೆ ಪಂದ್ಯವೆಂದರೆ ನಮ್ಮ ಮನೆಯ ಗಂಡಸರಿಗೆ ಕಿವಿ ಕೇಳಿಸುವುದಿಲ್ಲ. ಅದಕ್ಕೇ ಇರಬೇಕು, ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಓದಿದಾಗ ಮಾಲ್ಗುಡಿ ಹುಡುಗರ ಬ್ಯಾಟಿಗಿಂತ ಒಂದು ನಿಂಬೆಹಣ್ಣು ನನ್ನ ಮನಸ್ಸಿನಲ್ಲಿ ಉಳಿಯಿತು.

ಹೊಟ್ಟೆನೋವಿಗೆಂದು ಅಜ್ಜಿ ನಿಂಬೆಹಣ್ಣು ತರಲು ಹೇಳುತ್ತಾಳೆ. ಆತುರದಲ್ಲಿದ್ದ ಸ್ವಾಮಿ ಒಲ್ಲೆನೆನ್ನುತ್ತಾನೆ. ಆಮೇಲೆ ಕ್ರಿಕೆಟ್ ಗೊತ್ತಿಲ್ಲದ ಅವಳಿಗೇ ಪಾಠ! ಅಧ್ಯಾಯದ ಹೆಸರೂ ಅಜ್ಜಿಯ ಅಜ್ಞಾನದ ಮೇಲೆಯೇ.

ಹುಡುಗನಿಗೆ ಪಶ್ಚಾತ್ತಾಪವಾಗುತ್ತದೆ, ನಿಜ. ಆದರೆ ಅದು ಒಂದು ಸಂಜೆಯ ಮಾತು. ಪಂದ್ಯಕ್ಕೆ ಬರದೆ ತಂಡ ಸೋತದ್ದಕ್ಕೋ, ನಾಯಕ ರಾಜಮ್‌ನ ಗೆಳೆತನವೇ ಮುರಿಯುತ್ತದೆ. ಬರೆದವರೂ ಗಂಡಸಲ್ಲವೇ ಎಂದು ಮೊದಲು ಸಿಟ್ಟಾಗಿತ್ತು. ಮತ್ತೆ ಓದಿದರೆ, ಮಕ್ಕಳ ಲೆಕ್ಕವನ್ನು ನಾರಾಯಣರು ತಿದ್ದದೆ ಇದ್ದಂತೆಯೇ ಬರೆದಿದ್ದಾರೆ ಅನ್ನಿಸಿತು. ಆದರೂ ರೈಲು ಹತ್ತುವ ರಾಜಮ್‌ಗಾಗಿ ನನಗೆ ಅಳು ಬರಲಿಲ್ಲ. ಅಜ್ಜಿಯ ಹೊಟ್ಟೆನೋವೇ ಕಾಡಿತು.