ಹಿರಿಯ ವಿದ್ಯಾರ್ಥಿಗಳ ಸಂಘದ ಮತದಾರ ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನರಿಗೆ ಚುನಾವಣೆ ಹೇಗೆ ನಡೆಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಹಾಲಿನ ಡೇರಿಯ ನಿರ್ದೇಶಕ ಸ್ಥಾನಕ್ಕೂ ಕರಡು ಮತದಾರರ ಪಟ್ಟಿ ಬರುತ್ತದೆ, ಆಕ್ಷೇಪಣೆಗೆ ಗಡುವು ಇರುತ್ತದೆ, ಹೊರಗಿನ ಚುನಾವಣಾಧಿಕಾರಿ ಬಂದು ನಾಮಪತ್ರ ತೆಗೆದುಕೊಳ್ಳುತ್ತಾರೆ. ಅದೇ ತಾಲ್ಲೂಕಿನ ಪದವಿ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ಸಂಘಕ್ಕೆ ಬನ್ನಿ. ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಎದ್ದು ಹೆಸರು ಸೂಚಿಸುತ್ತಾರೆ, ಪಕ್ಕದವರು ಅನುಮೋದಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಮರುದಿನದ ಪತ್ರಿಕೆಯಲ್ಲಿ ‘ಅವಿರೋಧ ಆಯ್ಕೆ’ ಎಂಬ ಸುದ್ದಿ. ಓದು ಕಲಿತವರ ಸಂಘದ ಚುನಾವಣೆ ಹಾಲು ಹಾಕುವವರ ಸಂಘದ ಚುನಾವಣೆಗಿಂತ ಹಿಂದುಳಿದಿದೆ. ಇದು ನನಗೆ ನೋವಿನ ವಿಷಯ.

ಈ ಅಂತರಕ್ಕೆ ಕಾನೂನೂ ಒಂದು ಕಾರಣ. ಡೇರಿ 1959ರ ಸಹಕಾರ ಸಂಘಗಳ ಕಾಯ್ದೆಗೆ ಸೇರಿದ್ದು. ಅದರ ಚುನಾವಣೆ ನೋಡಿಕೊಳ್ಳಲು ಸಹಕಾರ ಚುನಾವಣಾ ಪ್ರಾಧಿಕಾರವಿದೆ. ಹಿರಿಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಎರಡೂ ಸಹಕಾರ ಇಲಾಖೆಯ ಕಣ್ಣಳತೆಯಲ್ಲೇ ಇದ್ದರೂ ಎರಡನೆಯದರ ಚುನಾವಣೆ ಹೇಗೆ ನಡೆಯಬೇಕೆಂಬುದನ್ನು ಬಹುಪಾಲು ಅದರ ಬೈಲಾಗೇ ಬಿಡಲಾಗಿದೆ. ಆ ಬೈಲಾವನ್ನು ಬರೆದದ್ದು ಯಾವಾಗ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಐದನೆಯ ಮಾನದಂಡ, ಕಾಲೇಜಿಗೆ ನೋಂದಾಯಿತ ಹಿರಿಯ ವಿದ್ಯಾರ್ಥಿಗಳ ಸಂಘವಿದೆಯೇ, ಅದು ಸಂಸ್ಥೆಗೆ ಏನು ಕೊಟ್ಟಿದೆ ಎಂದು ಕೇಳುತ್ತದೆ. ತಂಡ ಬರುವ ಮುನ್ನ ಅವಸರದಲ್ಲಿ ಕಟ್ಟಿದ ಸಂಘಕ್ಕೆ ಬೇರೆ ಯಾವುದೋ ಸಂಘದ ಬೈಲಾ ನಕಲಾಗಿ ಬರುತ್ತದೆ. ‘ಮೂರು ವರ್ಷಕ್ಕೊಮ್ಮೆ ಚುನಾವಣೆ’ ಎಂಬ ಒಂದು ಸಾಲಿನಲ್ಲಿ ಇಡೀ ವಿಷಯ ಮುಗಿದುಹೋಗಿರುತ್ತದೆ.

ಅವಿರೋಧ ಆಯ್ಕೆಯನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಪೈಪೋಟಿಗೆ ಬಿಟ್ಟರೆ ಪಕ್ಷ, ಜಾತಿ, ದುಡ್ಡು ಮೂರೂ ಕಾಲೇಜಿನ ಅಂಗಳಕ್ಕೆ ಬರುತ್ತವೆ ಎನ್ನುತ್ತಾರೆ ಅವರು. 1989ರ ಹೊತ್ತಿಗೆ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದು ಇದೇ ಭಯದಿಂದ. ಆದರೆ ಸಭೆಗೆ ಮುನ್ನ ಯಾರದೋ ಮನೆಯಲ್ಲಿ ನಾಲ್ಕು ಜನ ಕೂತು ಹೆಸರು ಗೊತ್ತುಮಾಡುವಾಗ ಪಕ್ಷವೂ ಜಾತಿಯೂ ಆ ಕೋಣೆಯೊಳಗೇ ಇರುತ್ತವೆ. ಪೈಪೋಟಿ ನಡೆದರೆ ಅವು ಕಣ್ಣಿಗೆ ಬೀಳುತ್ತವೆ, ಇಲ್ಲದಿದ್ದರೆ ಇಲ್ಲ. ಆ ನಿಷೇಧದ ನಂತರ ಓದಿದ ಎರಡು ಮೂರು ತಲೆಮಾರು ಕಾಲೇಜಿನೊಳಗೆ ಒಮ್ಮೆಯೂ ಮತ ಹಾಕದೆ ಹೊರಬಂದಿವೆ ಎಂಬುದನ್ನೂ ಮರೆಯಬಾರದು. ಕನಕಪುರದಲ್ಲಿ ಎಸ್. ಕರಿಯಪ್ಪನವರು ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿದ್ದು ಹಳ್ಳಿಯ ಮಕ್ಕಳು ಓದಿ ತಮ್ಮ ಕಾಲ ಮೇಲೆ ನಿಲ್ಲಲಿ ಎಂದು. ಹಾಗೆ ಮನೆಗೆ ಮೊದಲ ಪದವೀಧರರಾದವರಿಗೆ ತಮ್ಮ ಕಾಲೇಜಿನ ವಿಷಯದಲ್ಲಿ ಮಾತಾಡಲು ಇರುವ ಒಂದೇ ವೇದಿಕೆ ಈ ಸಂಘ.

ಸುಧಾರಣೆ ಎಂದೊಡನೆ ಈಗ ಎಲ್ಲರೂ ಆನ್‌ಲೈನ್ ಮತದಾನದ ಮಾತೆತ್ತುತ್ತಾರೆ. ನನ್ನ ತಕರಾರು ಇಲ್ಲೇ ಇದೆ. ರೋಗ ಇರುವುದು ಮತಪೆಟ್ಟಿಗೆಯಲ್ಲಲ್ಲ, ಸದಸ್ಯರ ಪಟ್ಟಿಯಲ್ಲಿ. ಕಾಲೇಜಿನಿಂದ ಹೊರಬಿದ್ದವರು ಸಾವಿರಾರು. ಆಜೀವ ಸದಸ್ಯತ್ವದ ಶುಲ್ಕ ಕಟ್ಟಿ ರಸೀದಿ ಪಡೆದವರು ಬೆರಳೆಣಿಕೆಯಷ್ಟು. ರಸೀದಿ ಪುಸ್ತಕ ಯಾರ ಕೈಯಲ್ಲಿದೆಯೋ ಚುನಾವಣೆ ಅವರ ಕೈಯಲ್ಲಿ. ಪಟ್ಟಿ ಹೀಗಿರುವಾಗ ಮೊಬೈಲಿಗೆ ಒಟಿಪಿ ಕಳಿಸಿ ಮತ ಹಾಕಿಸಿದರೆ ಹಳೆಯ ಅನ್ಯಾಯವೇ ಬೇಗ ಮುಗಿಯುತ್ತದೆ, ಅಷ್ಟೆ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಯಾರನ್ನು ಸೇರಿಸಿದರೋ ಅವರೇ ಮತದಾರರು ಎಂಬ ಸ್ಥಿತಿಗೂ ಇದಕ್ಕೂ ದೂರವಿಲ್ಲ.

ಮಾದರಿ ದೂರದಲ್ಲಿಲ್ಲ. ಬೆಂಗಳೂರು ದಕ್ಷಿಣ (2025ರವರೆಗೆ ರಾಮನಗರ) ಜಿಲ್ಲೆಯ ಪದವೀಧರರು ವಿಧಾನ ಪರಿಷತ್ತಿನ ಬೆಂಗಳೂರು ಪದವೀಧರ ಕ್ಷೇತ್ರದ ಮತದಾರರು. 2024ರ ಜೂನ್ 3ರಂದು ಅವರು ಮತ ಹಾಕಿದರು. ಆ ಕ್ಷೇತ್ರದಲ್ಲಿ ಹಳೆಯ ಪಟ್ಟಿ ಮುಂದುವರಿಯುವುದಿಲ್ಲ. ಪ್ರತಿ ಚುನಾವಣೆಗೂ ಚುನಾವಣಾ ಆಯೋಗ ಹೊಸದಾಗಿ ಪಟ್ಟಿ ಮಾಡುತ್ತದೆ. ನಮೂನೆ 18 ತುಂಬಿ, ನವೆಂಬರ್ 1ಕ್ಕೆ ಮೂರು ವರ್ಷ ಮೊದಲೇ ಪದವಿ ಪಡೆದಿರುವುದಕ್ಕೆ ದಾಖಲೆ ಕೊಟ್ಟು ಹೆಸರು ಸೇರಿಸಿಕೊಳ್ಳಬೇಕು. ಅದೇ ಪದವಿ ಪ್ರಮಾಣಪತ್ರ ಶಾಸಕರನ್ನು ಆರಿಸಲು ಸಾಕು, ಓದಿದ ಕಾಲೇಜಿನ ಸಂಘದ ಖಜಾಂಚಿಯನ್ನು ಆರಿಸಲು ಮಾತ್ರ ಸಾಲದು ಎಂದರೆ ಯಾರು ಒಪ್ಪುತ್ತಾರೆ? ಕಾಲೇಜಿನ ಪ್ರವೇಶ ವಹಿಯೂ ಟಿ.ಸಿ. ವಹಿಯೂ ಕಚೇರಿಯ ಬೀರುವಿನಲ್ಲೇ ಇವೆ. ಅವುಗಳಿಂದ ವರ್ಷವಾರು ಕರಡು ಪಟ್ಟಿ ತೆಗೆದು ಸೂಚನಾ ಫಲಕಕ್ಕೆ ಹಾಕಿ, ಒಂದು ತಿಂಗಳು ಆಕ್ಷೇಪಣೆಗೆ ಬಿಟ್ಟು, ಆಮೇಲೆ ಶುಲ್ಕ ಕಟ್ಟಿಸಿಕೊಳ್ಳಲಿ. ಶುಲ್ಕಕ್ಕೂ ಗಡುವಿರಲಿ, ಚುನಾವಣೆಯ ಹಿಂದಿನ ದಿನ ಒಬ್ಬರೇ ನೂರು ಜನರ ಹಣ ಕಟ್ಟುವ ದಾರಿ ಮುಚ್ಚಲಿ.

ಇಂಥ ಪಟ್ಟಿಯಿಂದ ಎಲ್ಲರಿಗಿಂತ ಹೆಚ್ಚು ಪ್ರಯೋಜನವಾಗುವುದು ಹೆಣ್ಣುಮಕ್ಕಳಿಗೆ. ಮದುವೆಯಾಗಿ ಊರು ಬದಲಾಗಿದೆ, ಮೊಬೈಲ್ ನಂಬರು ಬದಲಾಗಿದೆ, ಕೆಲವರ ಹೆಸರಿನ ಹಿಂದಿನ ಇನಿಷಿಯಲ್ ಕೂಡ ಬದಲಾಗಿದೆ. ಸಂಘದ ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ. ತರಗತಿಯಲ್ಲಿ ಅರ್ಧದಷ್ಟಿದ್ದವರು ಸಮಿತಿಯಲ್ಲಿ ಒಬ್ಬರೋ ಇಬ್ಬರೋ. ಬಿಡದಿಯ ಕಾರ್ಖಾನೆಗಳಲ್ಲಿ ಪಾಳಿ ಕೆಲಸದವರದೂ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವವರದೂ ಇದೇ ಕತೆ. ಒಂದೇ ದಿನ, ಒಂದೇ ಸಭಾಂಗಣದಲ್ಲಿ ನಡೆಯುವ ಸಭೆಗೆ ಊರಲ್ಲೇ ಇರುವವರು ಮಾತ್ರ ಬರಲು ಸಾಧ್ಯ. ಕನ್ನಡ ಸಾಹಿತ್ಯ ಪರಿಷತ್ತು 2021ರ ನವೆಂಬರ್ 21ರ ಚುನಾವಣೆಯಲ್ಲಿ ತಾಲ್ಲೂಕು ಕೇಂದ್ರಗಳಲ್ಲೇ ಮತಗಟ್ಟೆ ಇಟ್ಟಿತು. ಕಾಲೇಜಿನ ಸಂಘವೂ ಬೆಂಗಳೂರಿನಲ್ಲಿ ಒಂದು ಮತಗಟ್ಟೆ ತೆರೆಯಬಹುದು, ಇಡೀ ಭಾನುವಾರ ಅದನ್ನು ತೆರೆದಿಡಬಹುದು.

ಮತ ಎಣಿಸುವ ರೀತಿಯ ಬಗ್ಗೆ ಇಲ್ಲಿ ಚರ್ಚೆಯೇ ನಡೆದಿಲ್ಲ. ಒಂಬತ್ತು ಜನರ ಸಮಿತಿಗೆ ಪ್ರತಿ ಮತದಾರನಿಗೂ ಒಂಬತ್ತು ಮತ ಎಂಬುದು ರೂಢಿ. ನೂರು ಮತದಲ್ಲಿ 51 ಹಿಡಿದ ಸಿಂಡಿಕೇಟ್ ಒಂಬತ್ತೂ ಸ್ಥಾನ ಬಾಚಿಕೊಳ್ಳುತ್ತದೆ, 49 ಮತದವರಿಗೆ ಸೊನ್ನೆ. ಪದವೀಧರ ಕ್ಷೇತ್ರದಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರಲ್ಲ, ಆ ವಿಧಾನವನ್ನು ಒಂಬತ್ತು ಸ್ಥಾನಕ್ಕೆ ಅನ್ವಯಿಸಿದರೆ ಫಲಿತಾಂಶ ಹೆಚ್ಚುಕಡಿಮೆ ಐದು-ನಾಲ್ಕು ಆಗುತ್ತದೆ. ಸೋತ ಬಣ ನ್ಯಾಯಾಲಯಕ್ಕೆ ಹೋಗದೆ ಸಮಿತಿಯೊಳಗೇ ಕೂತು ಲೆಕ್ಕ ಕೇಳುತ್ತದೆ. ಲಕ್ಷಗಟ್ಟಲೆ ಸದಸ್ಯರಿರುವ ರಾಜ್ಯ ಒಕ್ಕಲಿಗರ ಸಂಘ ಆಡಳಿತಾಧಿಕಾರಿಯ ಕೈಗೆ ಹೋಗಿ, 2021ರ ಡಿಸೆಂಬರ್‌ನಲ್ಲಿ 35 ನಿರ್ದೇಶಕ ಸ್ಥಾನಗಳಿಗೆ ಚುನಾವಣೆ ಕಂಡದ್ದು ಈ ಜಿಲ್ಲೆಯವರ ಕಣ್ಣೆದುರಿನ ಸಂಗತಿ. ಬಣಗಳಿಗೆ ಒಳಗೇ ಜಾಗ ಮಾಡಿಕೊಡದ ಸಂಘಗಳಿಗೆ ಅದು ಎಚ್ಚರಿಕೆ.

ಸ್ಪರ್ಧಿಸುವ ಹಕ್ಕಿನ ಮಾತೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಡಳಿತ ಮಂಡಳಿಯ ಕೆಲವರನ್ನು ಹಳೆಯ ವಿದ್ಯಾರ್ಥಿಗಳೇ ಆರಿಸುತ್ತಾರೆ. ಸಾಕಷ್ಟು ಸಹಿ ಸಂಗ್ರಹಿಸಿದವರು ಸಮಿತಿಯ ಒಪ್ಪಿಗೆಯಿಲ್ಲದೆಯೂ ಕಣಕ್ಕಿಳಿಯುವ ದಾರಿ ಅಲ್ಲಿತ್ತು. 2021ರಲ್ಲಿ ಅದನ್ನು ಮುಚ್ಚಿದರು. ಮತ ಉಳಿಯಿತು, ಆಯ್ಕೆ ಕಿರಿದಾಯಿತು. ನಮ್ಮಲ್ಲಿ ಪ್ರಾಂಶುಪಾಲರನ್ನೋ ಆಡಳಿತ ಮಂಡಳಿಯನ್ನೋ ಕೇಳಿ ಹೆಸರು ಅಂತಿಮಗೊಳಿಸುವ ಕ್ರಮವೂ ಅದೇ ಜಾತಿಯದು. ಇಬ್ಬರು ಸದಸ್ಯರು ಸೂಚಿಸಿ ಅನುಮೋದಿಸಿದರೆ ನಾಮಪತ್ರ ಸಿಂಧು ಎಂದು ಬೈಲಾದಲ್ಲೇ ಬರೆಯಬೇಕು. ಚುನಾವಣಾಧಿಕಾರಿ ಆ ಕಾಲೇಜಿನ ಅಧ್ಯಾಪಕರಾಗಿರಬಾರದು. ಪಕ್ಕದ ತಾಲ್ಲೂಕಿನ ನಿವೃತ್ತ ಅಧಿಕಾರಿ ಒಬ್ಬರು ಸಾಕು.

ವಾರ್ಷಿಕ ಸಭೆಯಾದ 14 ದಿನಗಳೊಳಗೆ ಹೊಸ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಸಂಘಗಳ ನೋಂದಣಿ ಕಾಯ್ದೆಯಲ್ಲಿದೆ. ಅದರ ಒಂದು ಪ್ರತಿಯನ್ನು, ಯಾರಿಗೆ ಎಷ್ಟು ಮತ ಬಂತೆಂಬ ವಿವರದ ಸಮೇತ, ಕಾಲೇಜಿನ ಸೂಚನಾ ಫಲಕಕ್ಕೂ ಅಂಟಿಸಲಿ. ಮುಂದಿನ ವರ್ಷ ಪದವಿ ಮುಗಿಸಿ ಹೊರಡುವ ಹುಡುಗ ಹುಡುಗಿಯರು ಅದನ್ನು ಓದುತ್ತಾರೆ; ಟಿ.ಸಿ. ಪಡೆಯುವ ದಿನವೇ ಸದಸ್ಯತ್ವದ ಅರ್ಜಿಯೂ ಅವರ ಕೈಗೆ ಸಿಗಲಿ.